ದಾರದ ಇನ್ನೊಂದು ತುದಿ

ಬ್ಯಾಂಕಿನಲ್ಲಿ ನನ್ನ ಕೆಲಸ ಹೋದ ಮೇಲೂ ನಾನು ಎಂದಿನಂತೆ ಇಸ್ತ್ರಿ ಶರ್ಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ ಜುರಾಂಗ್ ಈಸ್ಟ್‌ನ ಮನೆಯಿಂದ ಹೊರಡುತ್ತಿದ್ದೆ. ಹೆಂಡತಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಪರಿಚಯದವರು ಕಾಣದಿರಲಿ ಎಂದು ಎಂಆರ್‌ಟಿ ರೈಲು ಹಿಡಿದು ದೂರದ ಸೆರಂಗೂನ್‌ಗೆ ಹೋಗಿ, ಯಾವುದೋ ವಸತಿ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಸಂಜೆಯವರೆಗೆ ಕೂತಿರುತ್ತಿದ್ದೆ.

ಆ ಬ್ಲಾಕಿನ ಗೋಡೆಗೆ ಅಮೆರಿಕದಿಂದ ಬಂದ ಹೆಂಗಸೊಬ್ಬರು ಚಿತ್ರ ಬರೆಯುತ್ತಿದ್ದರು. ಅರವತ್ತು ದಾಟಿತ್ತೇನೋ, ಆದರೂ ಸರಸರ ಏಣಿ ಹತ್ತುತ್ತಿದ್ದರು. ಮೂರನೆಯ ದಿನ ನನ್ನ ಹತ್ತಿರ ಬಂದು, "ಯಾರಿಗಾದರೂ ಕಾಯ್ತಿದ್ದೀರಾ?" ಎಂದು ಕೇಳಿದರು. ಇಲ್ಲವೆಂದೆ.

"ಹಾಗಾದರೆ ಈ ದಾರ ಹಿಡ್ಕೊಳ್ಳಿ."

ಬಣ್ಣದ ಪುಡಿ ಹಚ್ಚಿದ ದಾರ. ನಾನು ಒಂದು ತುದಿ ಗೋಡೆಗೆ ಒತ್ತಿ ಹಿಡಿಯುತ್ತಿದ್ದೆ, ಅವರು ಇನ್ನೊಂದು ತುದಿ. ನಡುವೆ ಎಳೆದು ಬಿಟ್ಟರೆ ನೇರ ಗೆರೆ ಮೂಡುತ್ತಿತ್ತು. ಅಂದಿನಿಂದ ಅದೇ ನನ್ನ ಆಫೀಸಾಯಿತು. ಬಣ್ಣ ಕಲಸಿದೆ, ಡಬ್ಬ ತೊಳೆದೆ.

ಕೆಲಸ ಮಾಡುತ್ತ ಅವರು ತಮ್ಮ ಕತೆ ಹೇಳುತ್ತಿದ್ದರು. ಮೊದಲ ಚಿತ್ರ ಬರೆದದ್ದು ತಮ್ಮೂರಿನ ಲಾಂಡ್ರಿ ಅಂಗಡಿಯ ಗೋಡೆಗಂತೆ. ಅದನ್ನು ತೋರಿಸಲು ಅಮ್ಮನನ್ನು ಕರೆದುಕೊಂಡು ಹೋದರೆ, ಮಾಲೀಕ ಹಿಂದಿನ ದಿನವೇ ಬಿಳಿ ಬಣ್ಣ ಬಳಿಸಿದ್ದನಂತೆ. "ಗೋಡೆ ಚೆನ್ನಾಗಿ ಕ್ಲೀನ್ ಆಗಿದೆ ಕಣೆ ಅಂದಳು ನಮ್ಮಮ್ಮ!" ಎಂದು ಏಣಿಯ ಮೇಲೇ ನಕ್ಕರು. ಕೆಲಸ ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

ಚಿತ್ರದಲ್ಲಿ ಆ ಬ್ಲಾಕಿನ ಜನರ ಮುಖಗಳಿದ್ದವು. ಒಂದು ಮಧ್ಯಾಹ್ನ, "ನಿಮ್ಮನ್ನೂ ಬರೆಯಲಾ?" ಎಂದರು. "ಬೇಡ, ನನ್ನ ಹೆಂಡತಿ ನೋಡಿಬಿಟ್ಟರೆ!" ಎಂದು ಗಾಬರಿಯಾದೆ. ಯಾಕೆಂದು ಕೇಳಿದಾಗ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು ಕುಂಚ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಬ್ಯಾಗು ತಂದು ಕೈಗೆ ಕೊಟ್ಟು, "ಇವತ್ತು ಬೇಗ ಮನೆಗೆ ಹೋಗಿ. ಹೇಳಿದ ಮೇಲೆಯೇ ಇಲ್ಲಿಗೆ ಬನ್ನಿ," ಎಂದರು.

ಮನೆಯಲ್ಲಿ ಹೆಂಡತಿ ಕಾಫಿ ಸೋಸುತ್ತಿದ್ದಳು. "ನನ್ನ ಕೆಲಸ ಹೋಗಿದೆ ಕಣೆ," ಎಂದೆ.

ಅವಳು ತಿರುಗಲಿಲ್ಲ. "ಗೊತ್ತು ರೀ. ದಿನಾ ಶರ್ಟ್ ತೋಳಿಗೆ ನೀಲಿ ಬಣ್ಣ ಮೆತ್ತಿಕೊಂಡು ಬರ್ತೀರಿ. ಬ್ಯಾಂಕಲ್ಲಿ ಗೋಡೆ ಬಳೀತಿದ್ದೀರಾ?" ಎಂದವಳ ದನಿ ಒಡೆಯಿತು. "ನೀವೇ ಹೇಳಲಿ ಅಂತ ಕಾಯ್ತಿದ್ದೆ."

ಇಬ್ಬರೂ ಅತ್ತೆವು. ಕಾಫಿ ಆರಿಹೋಯಿತು.

ಮರುದಿನ ಅವಳೂ ತನ್ನ ಕೆಲಸಕ್ಕೆ ರಜೆ ಹಾಕಿ ಚಿತ್ರಾನ್ನದ ಡಬ್ಬಿಯೊಂದಿಗೆ ಸೆರಂಗೂನ್‌ಗೆ ಬಂದಳು. ಆ ಹೆಂಗಸು ಕೈ ತೊಳೆದುಕೊಂಡು, ನಾವು ತಿನ್ನುವುದನ್ನು ನೋಡಿ ನೋಡಿ ಕೈಯಲ್ಲೇ ತಿಂದರು, ಎರಡು ಸಲ ಹಾಕಿಸಿಕೊಂಡರು. ನಾಲ್ಕು ತಿಂಗಳ ಮೇಲೆ ನನಗೆ ಬೇರೆ ಕೆಲಸ ಸಿಕ್ಕಿತು. ಅಷ್ಟರಲ್ಲಿ ಅವರು ಊರಿಗೆ ಮರಳಿದ್ದರು. ಸುದ್ದಿ ತಿಳಿಸಿ ಮೆಸೇಜ್ ಮಾಡಿದೆ, ಥ್ಯಾಂಕ್ಸ್ ಎಂದು ಬರೆದೆ. ಅವರು ಮಾಡಿದ್ದಕ್ಕೆ ಆ ಮಾತು ಸಾಲದೆಂದು ಗೊತ್ತಿದ್ದೂ ಅದನ್ನೇ ಬರೆದೆ.