ಕತ್ತರಿ ಇಟ್ಟುಕೊಳ್ಳದ ಬಾಳವ್ವ

ಅಕ್ಕಲಕೋಟೆಯಲ್ಲಿ ನನಗೆ ಕೌದಿ ಹೊಲಿಯಲು ಕಲಿಸಿದ ಬಾಳವ್ವನ ಮನೆಯಲ್ಲಿ ಕತ್ತರಿ ಇರಲಿಲ್ಲ. ಹಳೆಯ ಸೀರೆಯ ಅಂಚನ್ನು ದವಡೆ ಹಲ್ಲಿನಿಂದ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಸರ್ರನೆ ಹರಿಯುತ್ತಿದ್ದಳು. ಮುಂದಿನ ಹಲ್ಲುಗಳು ಹೋಗಿದ್ದರಿಂದ ದಾರ ಕಡಿಯುವ ಕೆಲಸ ಮಾತ್ರ ನನ್ನದಾಗಿತ್ತು. ಸೂಜಿಯನ್ನು ನನ್ನ ಬಾಯಿಯ ಹತ್ತಿರ ತಂದು, "ಹೂಂ, ಕಡಿ" ಅನ್ನುತ್ತಿದ್ದಳು. ಒಂದು ಸಲ ಸೊಲ್ಲಾಪುರದಿಂದ ಒಳ್ಳೆಯ ಕತ್ತರಿ ತಂದುಕೊಟ್ಟೆ. ಅದನ್ನು ಮುಟ್ಟಲೂ ಇಲ್ಲ.

"ನಿಮ್ಮ ಚೀಲದಾಗ ಇಟಗೋರಿ. ಹೋಗುವಾಗ ಮರೀಬ್ಯಾಡ್ರಿ" ಎಂದಳು.

ಬಾಳವ್ವ ನನಗೆ 'ರೀ' ಹಚ್ಚಿ ಮಾತಾಡಿದಳೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಮೊದಲ ದಿನ "ಬರ್ರಿ ಅಕ್ಕಾವ್ರ" ಎಂದು ಕರೆದವಳು, ನಾನು ಸೂಜಿ ಹಿಡಿದ ಕೂಡಲೇ "ಇನ್ನ ನೀ ನನ್ನ ಸಾಲ್ಯಾಗಿನ ಹುಡುಗಿ" ಎಂದು ಏಕವಚನಕ್ಕೆ ಇಳಿದಿದ್ದಳು. ನನಗೆ ಆಗ ಐವತ್ತು ದಾಟಿತ್ತು.

ನಮ್ಮದು ಸೊಲ್ಲಾಪುರದಲ್ಲಿ ಚಾದರದ ಅಂಗಡಿ. ಮನೆ ತುಂಬ ಚಾದರಗಳಿದ್ದರೂ ಒಂದು ಕೌದಿ ಇರಲಿಲ್ಲ. ಕೂಸುಗಳಿಗೆಂದು ಕೌದಿ ಹೊಲಿಯುತ್ತಿದ್ದ ಅತ್ತೆ ತೀರಿಕೊಂಡಿದ್ದರು. ಮಗಳು ಬಸುರಿಯಾದಾಗ ಆ ಕೆಲಸ ನಾನೇ ಮಾಡಬೇಕೆನಿಸಿತು. ಗುರುವಾರಕ್ಕೊಮ್ಮೆ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೋಗುವ ರೂಢಿ ನನಗಿತ್ತು. ದರ್ಶನ ಮುಗಿಸಿ, ಅತ್ತೆಯ ಹಳೆಯ ಸೀರೆಗಳ ಗಂಟು ಹೊತ್ತುಕೊಂಡು, ಕೌದಿಗೆ ಹೆಸರಾದ ಬಾಳವ್ವನ ಮನೆಗೆ ಹೋಗತೊಡಗಿದೆ.

ಬಾಳವ್ವ ಚಪಳಗಾಂವದ ಕುರಿ ಕಾಯುವ ಮನೆತನದವಳು. ಹೊಲದ ಆಚೆಗಿನ ಕುರಿಯನ್ನು ಕೂಗಿ ಕರೆದು ಬೆಳೆದ ಗಂಟಲು ಆ ಎರಡು ಕೋಣೆಯ ಮನೆಯೊಳಗೂ ಸಣ್ಣದಾಗಿರಲಿಲ್ಲ. ಮಗ ಮಾಳಪ್ಪ ಆಟೋ ಓಡಿಸುತ್ತಿದ್ದ. ಹೆಂಡತಿ ಮಕ್ಕಳಿಲ್ಲದೆ ಇದ್ದಾನೆ, ಯಾಕೆ ಎಂದು ನಾನು ಕೇಳಿರಲಿಲ್ಲ. ಅವಳು ಎಲ್ಲ ಮಾತಿಗೂ ಕುಲದೇವರು ಬೀರೋಬಾನ ಆಣೆ ಹಾಕುತ್ತಿದ್ದಳು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಆಣೆಯೇ.

ನೆಲದ ಮೇಲೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿಯುತ್ತ ಬರಬೇಕು. ನನ್ನ ಹೊಲಿಗೆಯ ಟಾಕಿಗಳು ಎತ್ತೆತ್ತಲೋ ಹೋಗುತ್ತಿದ್ದವು.

"ಯವ್ವಾ, ಏನಿದು? ನಾಯಿ ಹೊಕ್ಕ ಕುರಿ ಹಿಂಡಿನಂಗ ಆಗ್ಯಾವಲ್ಲ ನಿನ್ನ ಟಾಕಿ!" ಎಂದು ಬಾಗಿಲಾಚೆಗೂ ಕೇಳುವಂತೆ ನಗುತ್ತಿದ್ದಳು. ನಾಚಿಕೊಂಡು ಬಿಚ್ಚಲು ಹೋದರೆ ಮಾತ್ರ ಮಣಿಕಟ್ಟು ಹಿಡಿಯುತ್ತಿದ್ದಳು. "ಬಿಚ್ಚಬ್ಯಾಡ. ಅದರ ಬಾಜೂಕ ಇನ್ನೊಂದ ಸಾಲ ಹಾಕು. ಸೊಟ್ಟಂದೂ ಇರಲಿ."

ನಮ್ಮ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಸೊಲ್ಲಾಪುರದ ಬಸ್ಸಿನ ವಾಸನೆ ಆಗದು ಎನ್ನುತ್ತಿದ್ದಳು. ಚಪಳಗಾಂವದ ಬಸ್ಸನ್ನು ಮಾತ್ರ ಖುಷಿಯಿಂದ ಹತ್ತುತ್ತಿದ್ದಳು. ಅದೆಂಥ ವಾಸನೆ ಎಂದು ನಾನು ಚೇಷ್ಟೆ ಮಾಡಿದರೆ, "ಆ ಬಸ್ ಬ್ಯಾರೆ, ಈ ಬಸ್ ಬ್ಯಾರೆ" ಎಂದು ಮಾತು ಮುಗಿಸುತ್ತಿದ್ದಳು.

ಒಂದು ಗುರುವಾರ ನೋಡಿದರೆ, ಒಳಗಿನ ಪದರ ಮಡಚಿಕೊಂಡು ಗಂಟಾಗಿದ್ದದ್ದು ತಿಳಿಯದೆ ನಾನು ಅದರ ಮೇಲೆಯೇ ಹೊಲಿದುಬಿಟ್ಟಿದ್ದೆ. ಕೂಸಿನ ಬೆನ್ನಿಗೆ ಒತ್ತುತ್ತದೆ, ಬಿಚ್ಚಲೇಬೇಕು. ಚೀಲದಿಂದ ಕತ್ತರಿ ತೆಗೆದೆ. ಬಾಳವ್ವ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದಳು. ಬಿಡಲೇ ಇಲ್ಲ.

"ಆಯಿ, ಏನಾತ್ರಿ?" ಎಂದೆ.

"ಅಕೀನೂ ನಿನ್ನಂಗ ಹೊಸಬಿ" ಎಂದಳು. ಯಾರೆಂದು ಕೇಳಿದ ಮೇಲೆ ಹೇಳಿದಳು. "ನನ್ನ ಸೊಸಿ, ರೇಣುಕಾ. ಬಸುರಿ ಇದ್ದಳು. ನನ್ನ ಕೂಸಿನ ಕೌದಿ ನಾನ ಹೊಲಿತೀನಿ ಅಂತ ಕುಂತಳು. ಓಣ್ಯಾಗಿನ ಹೆಂಗಸರೆಲ್ಲಾ ಇದ್ರು. ಬಾಳವ್ವನ ಸೊಸಿ ಹೊಲದದ್ದು ಹಿಂಗ ಸೊಟ್ಟ ಅದ ಅಂದ್ರ ನನ್ನ ಮರ್ಯಾದಿ ಏನಾಗಬೇಕು ಅಂದೆ. ಕತ್ತರಿ ತಗೊಂಡು ಈ ತುದಿಯಿಂದ ಆ ತುದಿತನಕ ಬಿಚ್ಚಿ ಒಗದೆ. ಎಲ್ಲಾರೂ ನಕ್ಕರು. ನಾನೂ ನಕ್ಕೆ."

ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಉಳಿಯಲಿಲ್ಲ. ರೇಣುಕಾ ವಳಸಂಗದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬಾಳವ್ವ ಕತ್ತರಿಯನ್ನು ಬಾವಿಗೆ ಹಾಕಿದಳು. ಸೊಲ್ಲಾಪುರದ ಬಸ್ಸು ವಳಸಂಗದ ಮೇಲೆಯೇ ಹೋಗುತ್ತದೆ.

"ನಾನ ತಿಂದೆ ಆ ಕೂಸಿನ್ನ" ಎಂದಳು ಬಾಳವ್ವ, ಎಂದೂ ಇಲ್ಲದ ಸಣ್ಣ ದನಿಯಲ್ಲಿ.

ಕತ್ತರಿಯನ್ನು ಚೀಲಕ್ಕೆ ಹಾಕಿ, ಆ ಗಂಟಿನ ಹೊಲಿಗೆಯನ್ನು ಸೂಜಿಯ ಮೊನೆಯಿಂದಲೇ ಬಿಚ್ಚಿದೆ. ರೇಣುಕಾಳ ಹತ್ತಿರ ಹೋಗಿ ಮಾತಾಡಿ ಬರೋಣ ಎಂದು ಒತ್ತಾಯ ಮಾಡಿದವಳು ನಾನೇ. ಬೇಡ ಎಂದಳು, ಸಿಟ್ಟಾದಳು, 'ರೀ' ಹಚ್ಚಿದಳು. ಕೊನೆಗೊಂದು ಭಾನುವಾರ ನನ್ನ ಜೊತೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡಲಿಲ್ಲ.

ರೇಣುಕಾ ದಿನಾ ಸೊಲ್ಲಾಪುರಕ್ಕೆ ಹೋಗಿ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಮಾಡುತ್ತಿದ್ದಳು. ಅವತ್ತು ರಜೆ ಇದ್ದುದರಿಂದ ಮನೆಯಲ್ಲೇ ಸಿಕ್ಕಳು. ಅತ್ತೆಯನ್ನು ಕಂಡು ಚಾಪೆ ಹಾಸಿದಳು, ನೀರು ಕೊಟ್ಟಳು, ದೂರ ನಿಂತಳು.

"ತಪ್ಪ ಮಾಡೀನವ್ವಾ" ಎಂದಳು ಬಾಳವ್ವ. "ನಿನ್ನ ಕೂಸು ನನ್ನಿಂದ ಹೋತು."

"ಇಲ್ರಿ ಅತ್ತಿ. ಅದರ ಎದಿ ಮೊದಲಿಂದನ ಬರೋಬರ್ ಇದ್ದಿಲ್ಲಂತ. ಡಾಕ್ಟರು ಹೇಳ್ಯಾರ. ನಿಮ್ಮಿಂದ ಹೋಗಿಲ್ಲ."

ಬಾಳವ್ವ ನೀರಿನ ಲೋಟ ಕೆಳಗಿಟ್ಟು, "ಹಂಗಾದ್ರ ಬಿಟ್ಟು ಯಾಕ ಬಂದಿ?" ಎಂದಳು.

"ನೀವೆಲ್ಲಾರೂ ನಗುವಾಗ ನಿಮ್ಮ ಮಗ ಬಾಗಲದಾಗ ನಿಂತಿದ್ರು." ರೇಣುಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅವರೂ ನಕ್ಕರು."

ಬಸ್ ನಿಲ್ದಾಣದವರೆಗೆ ರೇಣುಕಾ ಬಂದು, ನಮ್ಮನ್ನು ಹತ್ತಿಸಿ ಹೋದಳು.

ಮುದುಕಿಯ ಎದೆ ಹಗುರಾಗಿರಬೇಕು ಎಂದುಕೊಂಡು ನಾನು, "ಕೇಳಿದ್ರಲ್ಲ ಆಯಿ, ನಿಮ್ಮ ತಪ್ಪಿಲ್ಲ ಅಂದಳು" ಎಂದೆ.

"ಕೂಸಿಂದು ನನ್ನ ಮ್ಯಾಗ ಇಲ್ಲ ಅಂದಳು" ಎಂದಳು ಬಾಳವ್ವ. "ಆದ್ರ ಅವ ನಕ್ಕದ್ದು? ನನ್ನ ನೋಡೇ ನಕ್ಕಾನ. ನಾ ನಗಲಿಲ್ಲಂದ್ರ ಅವ ನಗತಿದ್ದಿಲ್ಲ."

ಅವತ್ತಿನಿಂದ ಅವಳ ದನಿ ಕುಗ್ಗಿತು. ಹಳೆಯ ದುಃಖದ ಜೊತೆ ಹೇಗೋ ಬಾಳಲು ಕಲಿತಿದ್ದಳು. ಅವಳನ್ನು ಕರೆದೊಯ್ದು ನಾನು ಹೊಸದೊಂದನ್ನು ಹೊರಿಸಿ ತಂದೆನೇನೋ ಎಂಬ ಅಳುಕು ನನ್ನನ್ನು ಹತ್ತಿತು. ಮಾಳಪ್ಪ ಊಟಕ್ಕೆ ಬಂದರೆ ಅವನ ಮುಖವನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ನನ್ನ ಸೊಟ್ಟ ಟಾಕಿಗಳನ್ನು ನೋಡಿದರೂ ಈಗ ನಗುತ್ತಿರಲಿಲ್ಲ. ನಾನು ಬೇಕೆಂದೇ ಇನ್ನಷ್ಟು ಸೊಟ್ಟ ಹೊಲಿದು ನೋಡಿದೆ. "ಛಲೋ ಆಗಾಕತ್ತದ" ಎಂದಳು.

ಮೊಮ್ಮಗಳು ಹುಟ್ಟಿ, ಆ ಕೌದಿಯ ಮೇಲೆ ಮಲಗಿ, ಬೋರಲು ಬೀಳುವುದನ್ನು ಕಲಿಯುವಷ್ಟರಲ್ಲಿ ಬಾಳವ್ವ ಹೋದಳೆಂದು ಮಾಳಪ್ಪ ಫೋನು ಮಾಡಿದ. ರೇಣುಕಾಳಿಗೆ ನಾನು ಹೇಳಿ ಕಳಿಸಿದೆ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಚಾದರ ಒಯ್ದು, ನನ್ನ ಕೈಯಾರೆ ಅವಳಿಗೆ ಹೊದಿಸಿದೆ.

ಮಣ್ಣಿಗೆ ಒಯ್ಯುವ ಹೊತ್ತಿಗೆ ರೇಣುಕಾ ಬಂದಳು. ಹೆಂಗಸರು ಸರಿದು ದಾರಿ ಬಿಟ್ಟರು. ಮಾಳಪ್ಪ ಎದ್ದು ನಿಂತ. ಅವಳು ಅವನ ಕಡೆ ನೋಡದೆ ಒಳಗಿನ ಕೋಣೆಗೆ ಹೋಗಿ, ಬಣ್ಣ ಹೋಗಿ ತೆಳ್ಳಗಾಗಿದ್ದ ಒಂದು ಕೌದಿ ತಂದಳು. ನಾನು ಹೊದಿಸಿದ್ದ ಚಾದರ ತೆಗೆದು, ಕೌದಿಯನ್ನು ಅತ್ತೆಯ ಕೊರಳಿನವರೆಗೆ ಎಳೆದು, ಎರಡೂ ಮಗ್ಗುಲಿಗೆ ಒತ್ತಿದಳು.

"ಅತ್ತಿಗೆ ಹೊಸಾ ಚಾದರ ಆಗಂಗಿಲ್ರಿ ಅಕ್ಕಾ" ಎಂದಳು ನನಗೆ. "ಮೈ ಕಡೀತದ ಅಂತಿದ್ರು."

ಅಷ್ಟು ಗುರುವಾರ ಎದುರಿಗೆ ಕೂತಿದ್ದೆ. ಬಾಳವ್ವ ಏನು ಹೊದ್ದು ಮಲಗುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ. ರೇಣುಕಾ ಚಾದರವನ್ನು ನೀಟಾಗಿ ಮಡಚಿ ನನ್ನ ಕೈಗಿತ್ತಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬಾಳವ್ವನನ್ನು ಎತ್ತುವವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.