ಬಂಗುಡೆ ಇಲ್ಲದ ಹಾಡು

ಇವತ್ತು ಭಾವನ ಕೈಯಿಂದ ಕ್ಯಾಸೆಟ್ ಕಿತ್ತುಕೊಂಡೆ ಮಾರಾಯ್ರೆ!

ಕಥೆ ಬರೆಯಲು ಕೂತರೆ ನನಗೆ ಒಂದು ಗ್ಲಾಸು ಚಹಾ ಬೇಕು, ಆ ಒಂದು ಹಾಡು ಬೇಕು. ರೇಡಿಯೋದ ಎದುರು ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ ಹಾಡು. ಎರಡನೇ ಚರಣದ ಮೊದಲು ಬೋಳಾರದ ನಮ್ಮ ಗೇಟಿನಲ್ಲಿ ಮೀನಿನವಳು "ಬಂಗುಡೇ..." ಎಂದು ಕೂಗಿದ್ದೂ ಅದರಲ್ಲಿ ಸೇರಿದೆ.

ದುಬೈಯಿಂದ ರಜೆಯಲ್ಲಿ ಬಂದ ಭಾವ ಕೇಳಿ ಮುಖ ಸಿಂಡರಿಸಿದರು. "ಎಂತ ಇದು, ಮೀನು ಮಾರ್ಕೆಟಾ? ನನ್ನ ಹತ್ರ ಒರಿಜಿನಲ್ ಉಂಟು. ಇದರ ಮೇಲೆಯೇ ರೆಕಾರ್ಡ್ ಮಾಡಿ ಕೊಡ್ತೇನೆ."

ಆಗಲೇ ನಾನು ಕಿತ್ತುಕೊಂಡದ್ದು. "ಬೇಡ ಭಾವ!"

"ಮೊದಲು ಕೇಳು ಮಾರಾಯ" ಎಂದು ಒರಿಜಿನಲ್ ಹಾಕಿದರು. ಒಂದು ಗೀರೂ ಇಲ್ಲದ ಸ್ವರ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಆರಿತು. ಮೊದಲ ಚರಣ ಮುಗಿಯಿತು, ಯಾರೂ ಕೂಗಲಿಲ್ಲ.

ಅಷ್ಟರಲ್ಲಿ, ಒಳಗೆ ಬಟ್ಟೆ ಮಡಚುತ್ತಾ ಹಾಡಿನ ಜೊತೆ ಗುನುಗುತ್ತಿದ್ದ ಅಕ್ಕ, ಅವರದೇ ಹೆಂಡತಿ, ಸರಿಯಾದ ಜಾಗದಲ್ಲಿ ರಾಗವಾಗಿ ಎಳೆದಳು: "ಬಂಗುಡೇ..."

ಭಾವ ಟೇಪ್ ನಿಲ್ಲಿಸಿದರು. ಒರಿಜಿನಲ್ ಸೂಟ್‌ಕೇಸಿಗೆ ಹೋಯಿತು. ಮಧ್ಯಾಹ್ನ ಬಂಗುಡೆ ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡವರು ಮಾತ್ರ ಅವರೇ.