ಫ್ರ್ಯಾಂಕ್‌ಗೆ ಮಗಳಿಲ್ಲ

ಅಶ್ವಿನಿಯ ಕಥೆಯನ್ನು ನಮ್ಮ ಸ್ಯಾನ್ ಡಿಯಾಗೊ ಕನ್ನಡದವರು ಒಂದೇ ರಾಗದಲ್ಲಿ ಹೇಳುತ್ತಾರೆ. ‘ಆ ಹುಡುಗಿಗೆ ಹುಟ್ಟಿನಿಂದಲೇ ಸೇವೆಯ ಗುಣ. ತಾಳ್ಮೆಯ ಮೂರ್ತಿ. ನರ್ಸಿಂಗ್ ಅವಳಿಗೆ ಓದಲ್ಲ, ವರ.’ ಇಷ್ಟು ಹೇಳಿ, ಎರಡನೇ ಸಲ ಬಿಸಿಬೇಳೆಬಾತ್ ಬಡಿಸಿಕೊಂಡು, ತಮ್ಮ ಮಕ್ಕಳನ್ನು ಮಾತ್ರ ಕಂಪ್ಯೂಟರ್ ಸೈನ್ಸಿಗೆ ಸೇರಿಸುತ್ತಾರೆ.

ನನ್ನದೊಂದು ಆಕ್ಷೇಪಣೆ ಇದೆ.

ಅಶ್ವಿನಿ ನನ್ನ ಚಿಕ್ಕಪ್ಪನ ಮಗಳು. ಹತ್ತನೇ ಕ್ಲಾಸ್ ಮುಗಿಸಿ ನಾನು ಅಮೆರಿಕಕ್ಕೆ ಬರುವವರೆಗೂ ಧಾರವಾಡದಲ್ಲಿ ಅವಳ ಜೊತೆ ಕೇರಂ ಆಡಿದ್ದೇನೆ. ಸೋತರೆ ಅವಳು ಬೋರ್ಡ್ ಕವುಚಿ ಹಾಕುತ್ತಿದ್ದಳು. ಗೆದ್ದರೆ ಇನ್ನೂ ಕಷ್ಟ. ತಾಳ್ಮೆಯಂತೆ, ಮೂರ್ತಿಯಂತೆ! ಈಗ ಅವಳ ಹತ್ತಿರ ಇರುವುದು ವರವಲ್ಲ ಸ್ವಾಮಿ, ಟ್ರೇನಿಂಗ್.

ಈ ವ್ಯತ್ಯಾಸ ನನಗೇಕೆ ಅಷ್ಟು ಮುಖ್ಯ? ವರವಾಗಿದ್ದರೆ ಹೊಟ್ಟೆಕಿಚ್ಚು ಪಡುವ ಪ್ರಮೇಯವೇ ಇರಲಿಲ್ಲ. ವರದ ಜೊತೆ ಯಾರು ಸ್ಪರ್ಧೆಗೆ ಇಳಿಯುತ್ತಾರೆ? ಕಲಿತದ್ದಾದರೆ ಮಾತ್ರ ತೊಂದರೆ. ಹಾಗಾದರೆ ನೀನೇಕೆ ಕಲಿಯಲಿಲ್ಲ ಅನ್ನುವ ಪ್ರಶ್ನೆ ಏಳುತ್ತದೆ.

(ಹೌದು, ಇದು ಹೊಟ್ಟೆಕಿಚ್ಚಿನ ಅಂಕಣ. ಸಾತ್ವಿಕ ಓದುಗರು ಪಕ್ಕದ ಪುಟಕ್ಕೆ ಹೋಗಬಹುದು.)

ಅಶ್ವಿನಿ ಈಗ ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿರುವ ನಮ್ಮಪ್ಪ ಅಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ನನ್ನ ರೂಮಿನಲ್ಲಿ. ನನ್ನ ಮಂಚದ ಮೇಲೆ. ಇಲ್ಲಿಯ ಹೈಸ್ಕೂಲಿನಲ್ಲಿ ನಾನು ಗೆದ್ದ ಡಿಬೇಟ್ ಟ್ರೋಫಿಯ ಕೊರಳಿಗೆ ಅವಳ ಸ್ಟೆತೊಸ್ಕೋಪ್ ನೇತುಹಾಕಿದೆ. ನಾನು ಎರಡು ಗಂಟೆ ದಾರಿಯ ಕಲ್ವರ್ ಸಿಟಿಯಲ್ಲಿ ಕೆಲಸ ಮಾಡುತ್ತೇನೆ. ವಾರಾಂತ್ಯಕ್ಕೆ ಡ್ರೈವ್ ಮಾಡಿಕೊಂಡು ಬಂದರೆ ಗೆಸ್ಟ್ ರೂಮ್. ಕಳೆದ ಸಲ ಬಂದಾಗ ಅಮ್ಮ ನನಗೆ ಟವೆಲ್ ಎಲ್ಲಿದೆ ಎಂದು ತೋರಿಸಿದಳು!

ಅವಳ ಡಿಗ್ರಿ ಮಾಮೂಲಿ ನರ್ಸಿಂಗ್ ಅಲ್ಲ. ವಯಸ್ಕರ ಶರೀರದ ಆರೈಕೆ, ಮನಸ್ಸಿನ ಆರೈಕೆ ಎರಡನ್ನೂ ಒಟ್ಟಿಗೆ ಕಲಿಸುವ ಕೋರ್ಸ್. ‘ಎರಡು ಕೋರ್ಸಿಗೆ ಒಂದೇ ಜೀವ ಯಾಕೆ ತೇಯ್ತೀಯ?’ ಎಂದು ಕೇಳಿದ್ದೆ. ‘ಮೊಣಕಾಲಿನ ವಾರ್ಡ್ ಒಂದ್ಕಡೆ, ಮನಸ್ಸಿನ ವಾರ್ಡ್ ಇನ್ನೊಂದ್ಕಡೆ ಇರ್ತೈತಿ ಅಕ್ಕಾ. ಪೇಶಂಟ್ ಮಾತ್ರ ಒಬ್ಬನ’ ಅಂದಳು. ಒಳ್ಳೆಯ ಸಾಲು. ನನಗೆ ಹೊಳೆಯಬೇಕಿತ್ತು.

ಕಳೆದ ಸಲ ನಾನು ಬಂದ ಶನಿವಾರ ಅವಳಿಗೆ ಪರೀಕ್ಷೆಯ ಪ್ರಾಕ್ಟೀಸ್ ಇತ್ತು. ಪರೀಕ್ಷೆಯಲ್ಲಿ ಒಬ್ಬ ನಟ ರೋಗಿಯಾಗಿ ಬಂದು ಕೂರುತ್ತಾನಂತೆ. ಮೊದಲು ಮೈ ಪರೀಕ್ಷೆ, ಆಮೇಲೆ ಕುರ್ಚಿ ಬಿಟ್ಟು ಏಳದೆ ಮನಸ್ಸಿನ ಮಾತು. ಎರಡರ ನಡುವೆ ಹೊಲಿಗೆ ಕಾಣಬಾರದು. ಮನೆಯಲ್ಲಿ ರೋಗಿಯ ಪಾತ್ರಕ್ಕೆ ಯಾರು? ಅಪ್ಪ.

ಅಪ್ಪ ಬಯೋಟೆಕ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವನು. ಹೋದ ವರ್ಷ ರಿಟೈರ್ ಆದ. ಮಾತು ಕಡಿಮೆ. ನಾನು ನನ್ನ ಉಡುಪಿಯ ಅಮ್ಮನ ಬಾಯಿಯನ್ನು, ಅಪ್ಪನ ಹಟವನ್ನು ಪಡೆದುಕೊಂಡು ಬಂದಿದ್ದೇನೆ ಎನ್ನುವುದು ಬಂಧುಗಳ ಅಭಿಪ್ರಾಯ.

ಅಶ್ವಿನಿ ಪಾತ್ರವನ್ನು ವಿವರಿಸಿದಳು. ‘ದೊಡ್ಡಪ್ಪ, ನಿಮ್ಮ ಹೆಸರು ಫ್ರ್ಯಾಂಕ್. ಟ್ರಕ್ ಡ್ರೈವರ್ ಇದ್ರಿ, ಮೊಣಕಾಲು ನೋವಂತ ಕೆಲಸ ಬಿಟ್ಟೀರಿ. ಇಬ್ಬರು ಗಂಡುಮಕ್ಕಳು, ದೂರ ಅದಾರ. ಉಳಿದದ್ದು ನಿಮಗ ತಿಳದಂಗ ಸೇರಿಸ್ರಿ.’

‘ಫ್ರ್ಯಾಂಕ್ ಕನ್ನಡಾ ಮಾತಾಡ್ತಾನೇನು?’

‘ಮಾತಾಡ್ತಾನ್ರಿ. ಹುಬ್ಬಳ್ಳಿ-ಧಾರವಾಡ ರೋಡಿನಾಗ ಟ್ರಕ್ ಹೊಡದಾನ.’

ಅಪ್ಪ ನಕ್ಕ. ನಾನು ಅಡುಗೆಮನೆಯ ಕೌಂಟರಿನ ಹಿಂದೆ ಕೊತ್ತಂಬರಿ ಹೆಚ್ಚುತ್ತಿದ್ದೆ. ನಾನಿದ್ದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಬಿಪಿ ನೋಡಿದಳು. ಮೊಣಕಾಲು ಒತ್ತಿದಳು, ಮಡಚಿಸಿದಳು. ಆಮೇಲೆ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಕೇಳಿದಳು: ‘ದಿನಾ ಹೆಂಗ ಹೋಗತೈತ್ರಿ, ಫ್ರ್ಯಾಂಕ್?’

ಕೇಳಿ ಸುಮ್ಮನಾದಳು. ಬರೀ ಸುಮ್ಮನೆ. ನನ್ನ ನಾಲಿಗೆಯ ಮೇಲೆ ಅಷ್ಟರಲ್ಲಿ ಮೂರು ಫಾಲೋ-ಅಪ್ ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ಅವಳಿಗೆ ಒಂದೂ ಇಲ್ಲವೇ? ಫೇಲ್ ಆಗುತ್ತಾಳೆ ಅಂದುಕೊಂಡೆ. (ಸಂತೋಷವಾಯಿತೇ? ಮುಂದಕ್ಕೆ ಹೋಗೋಣ.)

‘ಮುಂಜಾನೆ ಚಾ ಕುಡದು ಗರಾಜಿಗೆ ಹೋಗ್ತೀನಿ’ ಅಂದ ಅಪ್ಪ. ‘ಗಾಡ್ಯಾಗ ಕುಂದ್ರತೀನಿ. ಚಾಲೂ ಮಾಡಂಗಿಲ್ಲ. ಹೋಗೂದರ ಎಲ್ಲಿಗೆ? ಮೊದಲ ಆ ಹೊತ್ತಿಗೆ ರೋಡಿನ ಮ್ಯಾಲೆ ಇರ್ತಿದ್ದೆ. ಅದಕ್ಕ.’

ಆಹಾ, ಎಂಥ ನಟನೆ ಅನ್ನಿಸಿತು. ರಿಟೈರ್ ಆದ ಡ್ರೈವರ್, ನಿಂತ ಗಾಡಿಯಲ್ಲಿ ಸುಮ್ಮನೆ ಕೂರುವುದು! ಅಪ್ಪನಲ್ಲಿ ಇಂಥ ಪ್ರತಿಭೆ ಇತ್ತೆಂದು ಯಾರಿಗೆ ಗೊತ್ತಿತ್ತು?

‘ಮಗಳು ಫೋನ್ ಮಾಡ್ತಾಳ. ಆರಾಮ್ ಅದೀನಿ ಅಂತೀನಿ. ಇಲ್ಲ ಅಂದ್ರ ಹತ್ತು ಪ್ರಶ್ನೆ ಬರ್ತಾವು. ಅವಕ್ಕೆಲ್ಲಾ ಉತ್ತರ ಕೊಡೂದರಾಗ ನನಗ ಏನಾಗೈತಿ ಅನ್ನೂದ ಮರತಹೋಗತೈತಿ.’

ನನ್ನ ಚಾಕು ನಿಂತಿತು. ಫ್ರ್ಯಾಂಕ್‌ಗೆ ಇಬ್ಬರು ಗಂಡುಮಕ್ಕಳು. ಈ ಮಗಳು ಯಾರು?

ಅಶ್ವಿನಿ ತಿದ್ದಲಿಲ್ಲ. ‘ಆರಾಮ್ ಅದೀನಿ ಅಂತ ಹೇಳಿ ಹೇಳಿ ದಣಿವಾಗತಿರಬೇಕು’ ಅಂದಳು. ಅದು ಪ್ರಶ್ನೆಯೂ ಅಲ್ಲ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ‘ಹ್ಞೂಂ’ ಅಂದ. ಅಷ್ಟು ಉದ್ದದ ‘ಹ್ಞೂಂ’ ನನ್ನ ಪಾಲಿಗೆ ಎಂದೂ ಬಂದಿಲ್ಲ.

ಪ್ರಾಕ್ಟೀಸ್ ಮುಗಿದ ಮೇಲೆ ರೂಮಿಗೆ ನುಗ್ಗಿದೆ. (ನನ್ನ ರೂಮಿಗೆ. ಬಾಗಿಲು ತಟ್ಟಿ.)

‘ಅಪ್ಪ ಇನ್ನೂ ಏನೇನು ಹೇಳಿದ್ದಾನೆ ನಿನಗೆ?’

‘ನೀ ಅಡಗಿಮನ್ಯಾಗ ಅದಿ ಅಂತ ಗೊತ್ತಿದ್ರ ಬಾಗಲಾ ಹಾಕ್ಕೊಂತಿದ್ದೆ ಅಕ್ಕಾ. ಅವ್ರು ಹೇಳಿದ್ದನ್ನ ನಾ ಹೇಳಂಗಿಲ್ಲ.’

‘ಅವನು ನನ್ನಪ್ಪ.’

‘ಆವಾಗ ಅವ್ರು ಫ್ರ್ಯಾಂಕ್ ಇದ್ರು.’

‘ಫ್ರ್ಯಾಂಕ್‌ಗೆ ಮಗಳಿಲ್ಲ!’

‘ಹೌದಲ್ಲ. ಮತ್ತ ನಿನಗ್ಯಾಕ ಸಿಟ್ಟು?’

ಓದುಗರೇ, ಎದುರಾಳಿ ಒಳ್ಳೆಯ ಪಾಯಿಂಟ್ ಹೇಳಿದಾಗ ಟಿಪ್ಪಣಿ ಮಾಡಿಕೊಳ್ಳುವಂತೆ ನಟಿಸಬೇಕು ಎಂದು ನಮ್ಮ ಡಿಬೇಟ್ ಕೋಚ್ ಕಲಿಸಿದ್ದರು. ನನ್ನ ಕೈಯಲ್ಲಿ ಕೊತ್ತಂಬರಿ ಮಾತ್ರ ಇತ್ತು.

ಅಶ್ವಿನಿಯೇ ಮೆತ್ತಗಾದಳು. ‘ಮಂಗಳವಾರ ಡಾಕ್ಟರ್ ಕಡೆ ಹೊಂಟೇವಿ. ಮೊಣಕಾಲಿಗೂ, ಉಳಿದದ್ದಕ್ಕೂ. ಒಪ್ಯಾರ.’

‘ನಾನೂ ಬರುತ್ತೇನೆ. ರಜ ಹಾಕುತ್ತೇನೆ.’

‘ದೊಡ್ಡಪ್ಪನ್ನ ಕೇಳು. ಕರದ್ರ ಬಾ.’

ಕರೆದರೆ! ನನ್ನ ಅಪ್ಪನ ಡಾಕ್ಟರ್ ಹತ್ತಿರ ಹೋಗಲು ನನಗೆ ಆಮಂತ್ರಣ ಬೇಕು. ಅವಳಿಗೆ ಬೇಡ.

ಆ ಕ್ಷಣದಲ್ಲಿ ನನ್ನ ಅಸೂಯೆ ಮಂಚ, ಟ್ರೋಫಿ, ಟವೆಲ್ ಎಲ್ಲವನ್ನೂ ದಾಟಿ ತನ್ನ ಅಸಲಿ ವಿಳಾಸ ತಲುಪಿತು. ಅಪ್ಪ ಯಾರ ಮುಂದಾದರೂ ಬಾಯಿಬಿಟ್ಟನಲ್ಲ ಎಂದು ಖುಷಿಪಡಬೇಕಾದವಳು ನಾನು. ಅದು ಸರಿಯಾದ ವಾದ. ಒಪ್ಪುತ್ತೇನೆ. ಖುಷಿ ಮಾತ್ರ ವಾದ ಕೇಳಿ ಬರುವುದಿಲ್ಲ.

ನಾವು ಮಕ್ಕಳೇನು ಕಡಿಮೆ ವಿಚಾರಿಸುತ್ತೇವೆಯೇ? ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ವಾಕಿಂಗ್ ಹೋದ್ಯಾ, ಶುಗರ್ ಎಷ್ಟು. ದಿನ ತಪ್ಪದೆ ಕೇಳುತ್ತೇವೆ. ಕಿಡ್ನಿಗೂ ಕಣ್ಣಿಗೂ ಇನ್ಶೂರೆನ್ಸ್ ಮಾಡಿಸಿ ಕೊಡುತ್ತೇವೆ. ‘ಎಲ್ಲಾ ಸರಿ’ ಎಂಬ ಉತ್ತರ ಬಂದ ಕೂಡಲೇ ಕರೆ ಕಟ್. ಇದು ವಿಚಾರಿಸುವುದೋ, ಹಾಜರಿ ಹಾಕುವುದೋ?

ಸರಿ, ಕಲಿಯುವ ವಿದ್ಯೆ ತಾನೇ? ಭಾನುವಾರ ಬೆಳಿಗ್ಗೆ ನಾನೂ ಪ್ರಯೋಗಕ್ಕೆ ಇಳಿದೆ. ತಿಂಡಿಯ ಹೊತ್ತಿಗೆ ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ, ‘ಅಪ್ಪ, ದಿನಾ ಹೆಂಗ ಹೋಗತೈತಿ?’ ಅಂದೆ. ಬಾಯಿ ಮುಚ್ಚಿ ಕಾದೆ.

ಅಪ್ಪ ಚಹಾ ಕೆಳಗಿಟ್ಟ. ನನ್ನ ಮುಖವನ್ನೇ ನೋಡಿದ. ‘ಯಾಕವಾ, ಮೈಯಾಗ ಆರಾಮಿಲ್ಲೇನು?’

‘ಇವಳು ಸುಮ್ನೆ ಕೂತದ್ದು ನಾನು ನೋಡಿಯೇ ಇಲ್ಲ ಮಾರಾಯ್ರೆ’ ಅಂದಳು ಅಮ್ಮ ದೋಸೆ ಮಗುಚುತ್ತಾ. ‘ಅಶ್ವಿನೀ, ನಿನ್ನ ಥರ್ಮಾಮೀಟರ್ ತಾ. ಇವಳಿಗೆ ಎಂತದೋ ಆಗಿ ಉಂಟು.’

ಎಲ್ಲರೂ ನಕ್ಕರು. ಅಪ್ಪನೂ. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಸಂಜೆ ಹೊರಡುವಾಗ ಅಪ್ಪ ಡ್ರೈವ್‌ವೇ ತನಕ ಬಂದ. ಕಾಲು ಎಳೆಯುತ್ತಿದ್ದ. ಇದನ್ನು ನಾನು ಗಮನಿಸಿದ್ದು ಅಂದೇ ಮೊದಲು.

‘ಮಂಗಳವಾರ ನಾನೂ ಬರಲೇನಪ್ಪ?’

‘ಸುಮ್ಮನ ಯಾಕ ರಜಾ ಹಾಕ್ತಿ? ಅಶ್ವಿನಿ ಅದಾಳಲ್ಲ.’

ಅಶ್ವಿನಿ ಅದಾಳಲ್ಲ. ಎರಡೇ ಪದ. ಇದಕ್ಕೆ ರಿಬಟಲ್, ಅಂದರೆ ಪ್ರತಿವಾದ, ಇದ್ದರೆ ಯಾರಾದರೂ ಬರೆದು ಕಳಿಸಿ.

ಕೊನೆಗೆ ಹೇಳಿಯೇಬಿಟ್ಟೆ. ‘ನಿನ್ನೆ ನಾ ಅಡಗಿಮನ್ಯಾಗ ಇದ್ದೆ. ಎಲ್ಲಾ ಕೇಳಿದೆ. ಇದನ್ನ ಅಂಕಣದಾಗ ಬರೀಬೇಕು ಅನಸೇತಿ. ಬ್ಯಾಡ ಅಂದ್ರ ಬಿಡ್ತೀನಿ.’

ಅಪ್ಪ ಬೀದಿಯ ಕಡೆ ನೋಡಿದ. ಆಮೇಲೆ ಸಣ್ಣಗೆ ನಕ್ಕ. ‘ಫ್ರ್ಯಾಂಕನ ಬಗ್ಗೆ ಏನರ ಬರೀಯವಾ. ಅವ ಏನೂ ಅನ್ನಂಗಿಲ್ಲ.’

ಹಾಗೆಂದು ಬಗ್ಗಿ ನನ್ನ ಕಾರಿನ ಟೈರ್ ಒತ್ತಿ ನೋಡತೊಡಗಿದ. ಮೊಣಕಾಲು ನೋವಿದ್ದವನು, ಒಂದಾದ ಮೇಲೊಂದು ನಾಲ್ಕೂ ಟೈರ್. ನಾನು ಕಾರಿನಲ್ಲಿ ಕೂತು, ಕಿಟಕಿಯ ಗಾಜು ಇಳಿಸಿ, ಒಂದು ಪ್ರಶ್ನೆ ಕೇಳಿದೆ. ‘ಗಾಳಿ ಬರೋಬ್ಬರಿ ಐತಿ’ ಅಂದ. ಅಪ್ಪ ಈ ಅಂಕಣವನ್ನು ತಪ್ಪದೆ ಓದುತ್ತಾನೆ, ಆದ್ದರಿಂದ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ:

ಅಪ್ಪ, ಖರೇ ಹೇಳಾಕ ನಿನಗ ಇನ್ನೊಬ್ಬನ ಹೆಸರು ಬೇಕಾತು. ಅದನ್ನ ಕೇಳಾಕ ನಾ ಯಾರ ಹೆಸರಿಟ್ಟುಕೊಂಡು ಬರ್ಲಿ?